ಚುಕ್ಕಿಯಷ್ಟೇ ಕಾಣುವ ನಕ್ಷತ್ರದಿಂದ ಗ್ರಹದ ಗಾಳಿ ಅಳೆಯುವುದು ಹೇಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಹೊರಗ್ರಹಗಳ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಬಗ್ಗೆ ಹೇಳುವಾಗ ತರಗತಿಯಲ್ಲಿ ಒಂದು ನೀಲಿ ಗ್ರಹದ ಚಿತ್ರ ತೋರಿಸಿ, ‘ಅಲ್ಲಿ ಗಾಜಿನ ಮಳೆ ಅಡ್ಡಡ್ಡ ಬೀಳುತ್ತದಂತೆ’ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ನಕ್ಷತ್ರವೇ ಒಂದು ಚುಕ್ಕಿ. ಅದರ ಗ್ರಹ ಕಾಣೋದೇ ಇಲ್ಲ. ಬೆಳಕು ಸ್ವಲ್ಪ ಕಡಿಮೆ ಆಯ್ತು ಅನ್ನೋದರಿಂದ ಗಾಳಿ, ಮೋಡ, ಮಳೆ ಎಲ್ಲ ಹೇಗೆ ಗೊತ್ತಾಯ್ತು?’ ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅದಾದ ಮೇಲೆ ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ಕಿತು ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡಿತು. ಮಕ್ಕಳು ಅದನ್ನೂ ಕೇಳಿದರು. ಇದರಲ್ಲಿ ಎಷ್ಟು ಅಳತೆ, ಎಷ್ಟು ಊಹೆ? ನಮ್ಮಲ್ಲಿ 6 ಇಂಚಿನ ಟೆಲಿಸ್ಕೋಪ್ ಮತ್ತು ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಇಂಥ ಕೆಲಸ ಏನಾದರೂ ಮಕ್ಕಳಿಂದ ಮಾಡಿಸಬಹುದೇ?

ಉತ್ತರ: ಮೇಡಂ, ಆ ಹುಡುಗಿಯ ಅನುಮಾನ ಪೂರ್ತಿ ನ್ಯಾಯವಾದದ್ದು. ಗ್ರಹವನ್ನು ನಾವು ನೋಡುವುದಿಲ್ಲ. ನಕ್ಷತ್ರ ಮತ್ತು ಗ್ರಹ ಎರಡರ ಬೆಳಕೂ ಕಲಸಿಕೊಂಡು ಒಂದೇ ಚುಕ್ಕಿಯಾಗಿ ಬರುತ್ತದೆ. ನಮ್ಮ ಕೈಯಲ್ಲಿರುವುದು ಒಂದು ಗ್ರಾಫ್ ಮಾತ್ರ. ಅಡ್ಡಕ್ಕೆ ಸಮಯ, ಉದ್ದಕ್ಕೆ ಹೊಳಪು. ಅಷ್ಟರಿಂದ ಗಾಳಿಯ ಮಾತಾಡುವುದು ಸಾಧ್ಯವಾಗುವುದು ಒಂದೇ ಕಾರಣಕ್ಕೆ: ಗ್ರಹಕ್ಕೆ ಗಡಿಯಾರ ಇದೆ. ನಕ್ಷತ್ರದ ಮೈಮೇಲೆ ಕಲೆ ಬರುತ್ತದೆ, ಹೋಗುತ್ತದೆ. ಉಪಕರಣ ಬಿಸಿಯಾಗುತ್ತದೆ, ತಣ್ಣಗಾಗುತ್ತದೆ. ಇವು ಯಾವುವೂ ಗ್ರಹದ ವೇಳಾಪಟ್ಟಿಗೆ ಕಟ್ಟುಬಿದ್ದಿಲ್ಲ. ಎಷ್ಟೇ ಗದ್ದಲದ ಬೀದಿಯಾದರೂ ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬರುವ ಹಾಲಿನವನ ಬೆಲ್ಲು ಗುರುತು ಸಿಗುತ್ತದಲ್ಲ, ಹಾಗೆ. ಯಾವ ಏರಿಳಿತ ಗ್ರಹದ ಸುತ್ತಿನ ಲೆಕ್ಕಕ್ಕೆ ಸರಿಯಾಗಿ ಮತ್ತೆ ಮತ್ತೆ ಬರುತ್ತದೋ ಅದನ್ನೇ ಗ್ರಹದ್ದೆಂದು ಬೇರೆ ಮಾಡುತ್ತೇವೆ.

ಮೊದಲು ಚಿತ್ರದ ಮಾತು ಮುಗಿಸೋಣ. ನೀವು ತೋರಿಸಿದ್ದು ಎಚ್‌ಡಿ 189733 ಬಿ ಇರಬೇಕು. ಇಲ್ಲಿಂದ ಸುಮಾರು 64 ಜ್ಯೋತಿರ್ವರ್ಷ ದೂರ. ಗುರುಗ್ರಹಕ್ಕಿಂತ ತುಸು ದೊಡ್ಡದು. ತನ್ನ ನಕ್ಷತ್ರವನ್ನು 2.2 ದಿನಕ್ಕೊಮ್ಮೆ ಸುತ್ತುತ್ತದೆ. ಆ ಚಿತ್ರ ಕಲಾವಿದರು ಬರೆದದ್ದು. ಅದರಲ್ಲಿರುವ ಮೋಡದ ಪಟ್ಟಿಗಳು, ಸುಳಿಗಳು ಅವರ ಕಲ್ಪನೆ. ಆದರೆ ನೀಲಿ ಬಣ್ಣ ಕಲ್ಪನೆಯಲ್ಲ. 2013ರಲ್ಲಿ ಹಬಲ್ ಟೆಲಿಸ್ಕೋಪಿನಿಂದ ಅಳೆದದ್ದು. ಗ್ರಹ ನಕ್ಷತ್ರದ ಹಿಂದೆ ಸರಿದಾಗ ಒಟ್ಟು ಬೆಳಕಿನಲ್ಲಿ ನೀಲಿ ಭಾಗ ಮಾತ್ರ ಒಂದಿಷ್ಟು ಕಡಿಮೆಯಾಯಿತು, ಹಸಿರು ಭಾಗ ಹಾಗೇ ಉಳಿಯಿತು. ಅಂದರೆ ಕಾಣೆಯಾದ ವಸ್ತು ನೀಲಿ ಬೆಳಕನ್ನು ಪ್ರತಿಫಲಿಸುತ್ತಿತ್ತು. ಇನ್ನು ಗಾಜಿನ ಮಳೆ. ಗಾಜಿಗೆ ಮೂಲವಾದ ಸಿಲಿಕೇಟ್‌ನ ಸಣ್ಣ ಕಣಗಳು ಆ ವಾತಾವರಣದಲ್ಲಿ ಇರಬಹುದು ಎನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದ ಗಾಳಿ ಇದೆ ಎನ್ನುವುದಕ್ಕೂ ಇದೆ. ಎರಡನ್ನೂ ಸೇರಿಸಿ ‘ಅಡ್ಡ ಬೀಳುವ ಗಾಜಿನ ಮಳೆ’ ಎಂದು ಮಾಡಿದ್ದು ಬರೆಯುವವರ ಉತ್ಸಾಹ. ಮಳೆಯನ್ನು ಯಾರೂ ಅಳೆದಿಲ್ಲ. ಮಕ್ಕಳಿಗೆ ಹೀಗೇ ಬಿಡಿಸಿ ಹೇಳಿ. ಬಣ್ಣ ಅಳತೆ, ಗಾಳಿ ಅಳತೆ, ಕಣ ತಕ್ಕಮಟ್ಟಿಗೆ ಗಟ್ಟಿಯಾದ ತೀರ್ಮಾನ, ಮಳೆ ಕಥೆ.

ಹಾಗಂತ ಹೊರಗ್ರಹದ ನಿಜವಾದ ಫೋಟೋ ಒಂದೂ ಇಲ್ಲ ಎಂದೂ ತಿಳಿಯಬೇಡಿ. ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತಲಿನ ಗ್ರಹಗಳ ಫೋಟೋ 2008ರಲ್ಲೇ ಬಂತು. ಅವು ನಕ್ಷತ್ರದಿಂದ ಬಹಳ ದೂರದಲ್ಲಿರುವ, ಇನ್ನೂ ಹುಟ್ಟಿನ ಬಿಸಿ ಆರದ ದೊಡ್ಡ ಗ್ರಹಗಳು. ಅಲ್ಲೂ ಕಾಣುವುದು ಚುಕ್ಕಿಗಳೇ.

ಈಗ ಹೊಳಪಿನ ಏರಿಳಿತಕ್ಕೆ ಬರೋಣ. ಗ್ರಹ ಒಂದು ಸುತ್ತು ಹಾಕುವಷ್ಟರಲ್ಲಿ ನಮಗೆ ಮೂರು ಅವಕಾಶ ಸಿಗುತ್ತವೆ. ಒಂದೊಂದೂ ಬೇರೆ ವಿಷಯ ಹೇಳುತ್ತದೆ. ಒಂದೊಂದರಲ್ಲೂ ಬೇರೆ ರೀತಿಯ ಮೋಸ ಇದೆ.

ಮೊದಲನೆಯದು ಗ್ರಹ ನಕ್ಷತ್ರದ ಮುಂದೆ ಹಾದುಹೋಗುವ ಹೊತ್ತು. ನಮ್ಮ ಶುಕ್ರ ಸಂಕ್ರಮಣದ ಹಾಗೆ ಇದೂ ಸಂಕ್ರಮಣವೇ. ಗುರುವಿನ ಗಾತ್ರದ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಬಂದರೆ ಬೆಳಕು ಸುಮಾರು ಶೇ 1ರಷ್ಟು ಇಳಿಯುತ್ತದೆ. ಭೂಮಿಯ ಗಾತ್ರದ್ದಾದರೆ ಶೇ 0.008 ಅಷ್ಟೇ. ಈ ಇಳಿತ ಗ್ರಹದ ಅಗಲ ಹೇಳುತ್ತದೆ, ವಾತಾವರಣವನ್ನಲ್ಲ. ವಾತಾವರಣ ಬೇಕೆಂದರೆ ಅದೇ ಇಳಿತವನ್ನು ಬೇರೆ ಬೇರೆ ಬಣ್ಣಗಳಲ್ಲಿ ಅಳೆಯಬೇಕು. ಗ್ರಹದ ಅಂಚಿನಲ್ಲಿರುವ ಅನಿಲದ ತೆಳು ಪದರ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಆ ಬಣ್ಣದಲ್ಲಿ ನೋಡಿದರೆ ಗ್ರಹ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಇಳಿತ ಸ್ವಲ್ಪ ಜಾಸ್ತಿಯಾಗುತ್ತದೆ. ಹೊರಗ್ರಹವೊಂದರ ವಾತಾವರಣ ಮೊದಲು ಸಿಕ್ಕಿದ್ದು ಹೀಗೆಯೇ. ಪೆಗಾಸಸ್ ಪುಂಜದ ಎಚ್‌ಡಿ 209458 ಎಂಬ ನಕ್ಷತ್ರದ ಬೆಳಕು ಪ್ರತಿ ಮೂರೂವರೆ ದಿನಕ್ಕೊಮ್ಮೆ ಶೇ 1.5ರಷ್ಟು ಇಳಿಯುವುದನ್ನು 1999ರಲ್ಲಿ ಕಂಡರು. ಆಮೇಲೆ ಡೇವಿಡ್ ಶಾರ್ಬೊನೊ ಮತ್ತು ಜೊತೆಗಾರರು ಹಬಲ್‌ನಿಂದ ಅದನ್ನು ಸೋಡಿಯಂನ ಹಳದಿ ಬಣ್ಣದಲ್ಲಿ ನೋಡಿದರು. ನಮ್ಮ ಹಳೆಯ ಬೀದಿದೀಪಗಳು ಸೂಸುತ್ತಿದ್ದ ಅದೇ ಹಳದಿ. ಆ ಬಣ್ಣದಲ್ಲಿ ಇಳಿತ ಶೇ 0.023ರಷ್ಟು ಹೆಚ್ಚಾಗಿತ್ತು. 2002ರಲ್ಲಿ ಪ್ರಕಟವಾದ ಆ ಪುಟ್ಟ ವ್ಯತ್ಯಾಸದಿಂದಲೇ ಈ ಇಡೀ ಕ್ಷೇತ್ರ ಶುರುವಾಯಿತು. ಅದೇ ದಾರಿಯಲ್ಲಿ 2022ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಕನ್ಯಾ ರಾಶಿಯ ದಿಕ್ಕಿನಲ್ಲಿರುವ ವಾಸ್ಪ್-39ಬಿ ಗ್ರಹದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಷ್ಟು ಸ್ಪಷ್ಟವಾಗಿ ತೋರಿಸಿತು.

ಇಂಥ ಸುದ್ದಿ ಬಿಸಿಯಾದ ದೊಡ್ಡ ಗ್ರಹಗಳದ್ದೇ ಜಾಸ್ತಿ ಏಕೆ ಎಂದು ಮಕ್ಕಳು ಕೇಳಬಹುದು. ಇದು ನಿಮ್ಮ ಪಠ್ಯದ ಲೆಕ್ಕವೇ. ಎತ್ತರಕ್ಕೆ ಹೋದಂತೆ ಗಾಳಿ ಎಷ್ಟು ಬೇಗ ತೆಳುವಾಗುತ್ತದೆ ಎನ್ನುವುದು ಉಷ್ಣತೆ, ಗುರುತ್ವ ಮತ್ತು ಅನಿಲದ ಅಣುತೂಕದ ಮೇಲೆ ನಿಂತಿದೆ. ಭೂಮಿಯಲ್ಲಿ ಸುಮಾರು 8 ಕಿಲೋಮೀಟರ್ ಮೇಲೇರಿದರೆ ಒತ್ತಡ ಮೂರನೇ ಒಂದು ಭಾಗಕ್ಕೆ ಹತ್ತಿರ ಬರುತ್ತದೆ. ಎಚ್‌ಡಿ 209458 ಬಿಯಲ್ಲಿ ಸಾವಿರ ಡಿಗ್ರಿ ದಾಟಿದ ಬಿಸಿ, ಹಗುರವಾದ ಹೈಡ್ರೋಜನ್, ಗುರುತ್ವ ನಮ್ಮಷ್ಟೇ. ಅಲ್ಲಿ ಒತ್ತಡ ಅಷ್ಟೇ ಇಳಿಯಬೇಕಾದರೆ 500 ಕಿಲೋಮೀಟರಿಗೂ ಹೆಚ್ಚು ಏರಬೇಕು. ಅಷ್ಟು ಉಬ್ಬಿದ ಗಾಳಿ ಅಳತೆಗೆ ಸಿಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಭೂಮಿಯಂಥ ಗ್ರಹ ಹಾದುಹೋದರೆ ಅದರ ಗಾಳಿಯ ಪಾಲು ಹತ್ತು ಲಕ್ಷದಲ್ಲಿ ಒಂದರಷ್ಟು. ಈಗಿನ ಯಾವ ಉಪಕರಣಕ್ಕೂ ಅದು ದಕ್ಕುವುದಿಲ್ಲ.

ಎರಡನೆಯ ಅವಕಾಶ ಗ್ರಹ ನಕ್ಷತ್ರದ ಹಿಂದೆ ಮರೆಯಾಗುವಾಗ. ಮರೆಯಾಗುವ ಮೊದಲು ನಕ್ಷತ್ರ ಮತ್ತು ಗ್ರಹ, ಮರೆಯಾದ ಮೇಲೆ ನಕ್ಷತ್ರ ಮಾತ್ರ. ಕಳೆದರೆ ಗ್ರಹದ ಹಗಲಿನ ಮುಖದ ಬೆಳಕು ಕೈಗೆ ಬರುತ್ತದೆ. ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕಿನಲ್ಲಿ ಮಾಡಿದರೆ ಆ ಮುಖ ಎಷ್ಟು ಬಿಸಿ ಎಂದು ಹೇಳಬಹುದು. 2005ರಲ್ಲಿ ಸ್ಪಿಟ್ಜರ್ ಟೆಲಿಸ್ಕೋಪ್ ಎರಡು ಗ್ರಹಗಳಲ್ಲಿ ಇದನ್ನು ಮೊದಲು ಸಾಧಿಸಿತು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಗ್ರಹ ಒಂದು ಸುತ್ತು ಮುಗಿಸುವ ತನಕ ಕಣ್ಣು ಮಿಟುಕಿಸದೆ ಹೊಳಪನ್ನು ಅಳೆಯುತ್ತಲೇ ಇರುವುದು. ನಕ್ಷತ್ರಕ್ಕೆ ತೀರಾ ಹತ್ತಿರದ ಗ್ರಹಗಳು ಚಂದ್ರನ ಹಾಗೆ ಒಂದೇ ಮುಖ ತೋರಿಸಿಕೊಂಡು ಸುತ್ತುತ್ತವೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ. ಗ್ರಹ ಸುತ್ತಿದಂತೆ ನಮ್ಮ ಕಡೆಗೆ ಒಮ್ಮೆ ರಾತ್ರಿಯ ಮುಖ, ಒಮ್ಮೆ ಹಗಲಿನ ಮುಖ ತಿರುಗುತ್ತದೆ. ಒಟ್ಟು ಹೊಳಪು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ.

ಗಾಳಿಯೇ ಇಲ್ಲದ ಗ್ರಹದಲ್ಲಿ ಅತಿ ಬಿಸಿ ಜಾಗ ಯಾವುದು? ನಕ್ಷತ್ರ ನೆತ್ತಿಯ ಮೇಲಿರುವ ಜಾಗ. ಹಾಗಿದ್ದರೆ ಗ್ರಹ ನಕ್ಷತ್ರದ ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ ಹೊಳಪು ತುದಿ ಮುಟ್ಟಬೇಕು. 2007ರಲ್ಲಿ ಹೆದರ್ ನಟ್ಸನ್ ಮತ್ತು ಜೊತೆಗಾರರು ಸ್ಪಿಟ್ಜರ್‌ನಿಂದ ನಿಮ್ಮ ಆ ನೀಲಿ ಗ್ರಹವನ್ನೇ 33 ಗಂಟೆ ನೋಡಿದರು. ಹೊಳಪು ತುದಿ ಮುಟ್ಟಿದ್ದು ಗ್ರಹ ಮರೆಯಾಗುವುದಕ್ಕೆ ಸುಮಾರು ಎರಡು ಗಂಟೆ ಮೊದಲು. ಅಂದರೆ ಅತಿ ಬಿಸಿ ಜಾಗ ನೆತ್ತಿಯಿಂದ ಪೂರ್ವಕ್ಕೆ ಸರಿದಿತ್ತು. ಬಿಸಿಯನ್ನು ಹೊತ್ತು ಪೂರ್ವಕ್ಕೆ ಬೀಸುವ ಜೋರು ಗಾಳಿ ಇಲ್ಲದೆ ಇದು ಆಗುವುದಿಲ್ಲ. ಹಗಲಿನ ಕಡೆ ಸುಮಾರು 940 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕಡೆ ಸುಮಾರು 700. ಸೂರ್ಯನನ್ನೇ ಕಾಣದ ಕಡೆಯೂ ಅಷ್ಟು ಬಿಸಿ ಇರಬೇಕಾದರೆ ಗಾಳಿ ಅದನ್ನು ಹೊತ್ತೊಯ್ಯುತ್ತಿರಲೇಬೇಕು. ಬೇರೊಂದು ಸೂರ್ಯನ ಗ್ರಹಕ್ಕೆ ಮನುಷ್ಯರು ಬರೆದ ಮೊದಲ ಹವಾಮಾನ ನಕ್ಷೆ ಅದು. ಒಂದೇ ಒಂದು ಚುಕ್ಕಿಯ ಹೊಳಪಿನಿಂದ ಬರೆದದ್ದು! ಇಷ್ಟು ವರ್ಷ ಇದೇ ಕೆಲಸದಲ್ಲಿದ್ದರೂ ಆ ಗ್ರಾಫ್ ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇದರ ತದ್ವಿರುದ್ಧ ಎಲ್‌ಎಚ್‌ಎಸ್ 3844 ಬಿ ಎಂಬ ಕಲ್ಲಿನ ಗ್ರಹ. 11 ಗಂಟೆಗೊಮ್ಮೆ ಸುತ್ತುತ್ತದೆ. 2019ರಲ್ಲಿ ಬಂದ ಅದರ ಗ್ರಾಫ್‌ನಲ್ಲಿ ತುದಿ ಎಳ್ಳಷ್ಟೂ ಸರಿದಿರಲಿಲ್ಲ. ಹಗಲಿನ ಕಡೆ 770 ಡಿಗ್ರಿ ಸೆಲ್ಸಿಯಸ್ ಹತ್ತಿರ, ರಾತ್ರಿಯ ಕಡೆಯಿಂದ ಅಳೆಯುವಷ್ಟು ಶಾಖವೇ ಬರಲಿಲ್ಲ. ದಟ್ಟ ಗಾಳಿ ಅಲ್ಲಿಲ್ಲ, ಬರೀ ಬಂಡೆ. ‘ಏನೂ ಇಲ್ಲ’ ಎನ್ನುವುದನ್ನು ಇಷ್ಟು ಖಚಿತವಾಗಿ ಹೇಳಲು ಆಗುವುದೂ ದೊಡ್ಡ ವಿಷಯವೇ. ಪತ್ರಿಕೆಗಳಲ್ಲಿ ಇಂಥವಕ್ಕೆ ಜಾಗ ಸಿಗುವುದು ಕಡಿಮೆ ಅನ್ನುವುದು ನನ್ನ ಬೇಸರ.

ಮೋಡವನ್ನೂ ಹೀಗೇ ಹಿಡಿಯಬಹುದು. ಕೆಪ್ಲರ್-7ಬಿ ಗ್ರಹದ ಪಶ್ಚಿಮ ಭಾಗ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೆಚ್ಚು ಹೊಳೆಯುತ್ತಿತ್ತು. ಶಾಖ ನೋಡಿದರೆ ಅಷ್ಟು ಇಲ್ಲ. ಅಂದಮೇಲೆ ಅದು ಬಿಸಿಯ ಹೊಳಪಲ್ಲ, ನಕ್ಷತ್ರದ ಬೆಳಕನ್ನು ಮೋಡ ಹಿಂದಕ್ಕೆ ಎಸೆದದ್ದು. ಈಗ ವೆಬ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. ವಾಸ್ಪ್-43ಬಿಯ ಹಗಲು 1250 ಡಿಗ್ರಿ, ರಾತ್ರಿ 600 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕಡೆ ದಟ್ಟ ಮೋಡ ಎಂದು 2024ರಲ್ಲಿ ತಿಳಿಯಿತು.

ಇನ್ನು ಮೋಸಗಳ ಬಗ್ಗೆ. ಆ ಹುಡುಗಿ ಮುಂದೆ ಕೇಳುವ ಪ್ರಶ್ನೆ ಇದೇ ಆಗಿರುತ್ತದೆ, ಅಲ್ವಾ?

ಅತಿ ದೊಡ್ಡ ತೊಂದರೆ ನಕ್ಷತ್ರವೇ. ನಮ್ಮ ಕೆಲಸದ ಬಹುಪಾಲು ಸಮಯ ನಕ್ಷತ್ರದ ಗಲಾಟೆಯನ್ನು ಬೇರ್ಪಡಿಸುವುದರಲ್ಲೇ ಹೋಗುತ್ತದೆ. ಸೂರ್ಯನಿಗೆ ಕಲೆಗಳಿರುವಂತೆ ಬೇರೆ ನಕ್ಷತ್ರಗಳಿಗೂ ಇವೆ, ಕೆಂಪು ಕುಬ್ಜಗಳಲ್ಲಿ ಇನ್ನೂ ಜಾಸ್ತಿ. ಆ ಪುಟ್ಟ ತಣ್ಣನೆಯ ನಕ್ಷತ್ರಗಳ ಕಲೆಗಳು ಎಷ್ಟು ತಣ್ಣಗಿರುತ್ತವೆ ಎಂದರೆ ಅಲ್ಲಿ ನೀರಾವಿ ಇರಲು ಸಾಧ್ಯ. ಹೌದು, ನಕ್ಷತ್ರದಲ್ಲೇ ನೀರಾವಿ. 26 ಜ್ಯೋತಿರ್ವರ್ಷ ದೂರದ ಜಿಜೆ 486ಬಿ ಎಂಬ ಕಲ್ಲಿನ ಗ್ರಹದ ಸಂಕ್ರಮಣವನ್ನು ವೆಬ್ ನೋಡಿದಾಗ 2023ರಲ್ಲಿ ನೀರಾವಿಯ ಗುರುತು ಸಿಕ್ಕಿತು. ಅಳೆದವರು ಪ್ರಾಮಾಣಿಕವಾಗಿ ಬರೆದರು: ಇದು ಗ್ರಹದ್ದೂ ಆಗಿರಬಹುದು, ನಕ್ಷತ್ರದ ಕಲೆಗಳದ್ದೂ ಆಗಿರಬಹುದು. ಆಮೇಲೆ ಎರಡನೆಯ ದಾರಿ ಹಿಡಿದು, ಗ್ರಹ ಹಿಂದೆ ಮರೆಯಾಗುವುದನ್ನು ಅಳೆದರು. ಹಗಲಿನ ಮುಖ ಗಾಳಿಯಿಲ್ಲದ ಬಂಡೆಯಷ್ಟೇ ಬಿಸಿ ಇತ್ತು. ದಟ್ಟ ವಾತಾವರಣದ ಲಕ್ಷಣ ಕಾಣಲಿಲ್ಲ. ಒಂದು ದಾರಿಯ ಅನುಮಾನವನ್ನು ಇನ್ನೊಂದು ದಾರಿಯಿಂದ ತೀರಿಸಿಕೊಳ್ಳುವುದು ಹೀಗೆ.

ಹಿಂದೆ ಮರೆಯಾಗುವ ದಾರಿಯಲ್ಲಿ ನಕ್ಷತ್ರದ ಕಾಟ ಕಡಿಮೆ. ಆದರೆ ಒಂದೇ ಬಣ್ಣದಲ್ಲಿ ಅಳೆದರೆ ಎಡವುವ ಸಾಧ್ಯತೆ ಇದೆ. ಕುಂಭ ರಾಶಿಯ ದಿಕ್ಕಿನ ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರದ ಅತಿ ಒಳಗಿನ ಗ್ರಹದ ಹಗಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಎಂದು 2023ರಲ್ಲಿ ಗೊತ್ತಾಯಿತು. ಬಂಡೆಯೇ ಸರಿ ಎಂದುಕೊಂಡರು. ಇನ್ನೊಂದು ಬಣ್ಣದಲ್ಲೂ ಅಳೆದಾಗ, ಮಬ್ಬು ತುಂಬಿದ ಕಾರ್ಬನ್ ಡೈಆಕ್ಸೈಡ್ ವಾತಾವರಣವೂ ಅದೇ ಅಂಕಿಗಳನ್ನು ಕೊಡಬಲ್ಲದು ಎಂದು 2024ರಲ್ಲಿ ತೋರಿಸಿದರು. ಎರಡು ಅಂಕಿ ಸಾಲುವುದಿಲ್ಲ, ಅಷ್ಟೇ.

ಪೂರ್ತಿ ಸುತ್ತು ನೋಡುವುದು ಎಲ್ಲಕ್ಕಿಂತ ಗಟ್ಟಿ ಮಾಹಿತಿ ಕೊಡುತ್ತದೆ. ಟೆಲಿಸ್ಕೋಪ್ ಸಮಯವನ್ನೂ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತದೆ. ವಾರಗಟ್ಟಲೆ ಸುತ್ತುವ ಗ್ರಹಗಳಿಗೆ ಇದು ಆಗದ ಮಾತು. ಜೊತೆಗೆ ಗಂಟೆಗಟ್ಟಲೆ ಅಳೆಯುವಾಗ ಉಪಕರಣದ ಸಂವೇದನೆ ತಾನೇ ನಿಧಾನಕ್ಕೆ ಏರಿಳಿಯುತ್ತದೆ. ತೀರಾ ಭಾರದ ಗ್ರಹವಾದರೆ ಅದರ ಸೆಳೆತಕ್ಕೆ ನಕ್ಷತ್ರವೇ ಮೊಟ್ಟೆಯಾಕಾರಕ್ಕೆ ಹಿಗ್ಗಿ, ಒಂದು ಸುತ್ತಿಗೆ ಎರಡು ಬಾರಿ ಹೊಳಪು ಏರುತ್ತದೆ. ಇದೂ ಗ್ರಹದ ಗಡಿಯಾರಕ್ಕೆ ಸರಿಯಾಗಿಯೇ ಬರುತ್ತದೆ, ಆದರೆ ಗಾಳಿಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಬಾರಿಯೋ ಎರಡು ಬಾರಿಯೋ ಎಂದು ನೋಡಿ ಬೇರೆ ಮಾಡಬೇಕು.

ಕೆ2-18ಬಿ ವಿಷಯ. ಸಿಂಹ ರಾಶಿಯ ದಿಕ್ಕಿನಲ್ಲಿ ಸುಮಾರು 124 ಜ್ಯೋತಿರ್ವರ್ಷ ದೂರ, ಭೂಮಿಯ 2.6 ಪಟ್ಟು ಅಗಲ, 8 ಪಟ್ಟಿಗೂ ಹೆಚ್ಚು ತೂಕ, 33 ದಿನಕ್ಕೊಂದು ಸುತ್ತು. 2019ರಲ್ಲಿ ಹಬಲ್ ಮಾಹಿತಿಯಿಂದ ನೀರಾವಿ ಇದೆ ಎಂದರು. 2023ರಲ್ಲಿ ವೆಬ್ ಮಾಹಿತಿ ಬಂದಾಗ ಕಂಡದ್ದು ಮಿಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್. ಮೊದಲು ನೀರೆಂದುಕೊಂಡದ್ದು ಬಹುಶಃ ಮಿಥೇನ್. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ತಂಡ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅನಿಲದ ಸುಳಿವಿದೆ ಎಂದಿತು. ಭೂಮಿಯಲ್ಲಿ ಈ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಅದಕ್ಕೇ ಇಷ್ಟು ಸದ್ದು.

ಇಲ್ಲಿ ಎರಡು ಮೆಟ್ಟಿಲು ಇವೆ, ಎರಡೂ ಅಲ್ಲಾಡುತ್ತಿವೆ. ಮೊದಲನೆಯದು, ಆ ಅನಿಲ ನಿಜಕ್ಕೂ ಇದೆಯೇ? ಅವರು ಹೇಳಿದ್ದು ಮೂರು ಸಿಗ್ಮಾ ಮಟ್ಟದ ಸುಳಿವು. ಬರೀ ಗದ್ದಲವೇ ಇದ್ದಿದ್ದರೆ ಇಂಥ ಉಬ್ಬು ಕಾಣುವ ಸಾಧ್ಯತೆ ಶೇ 0.3 ಎಂದು ಅದರ ಅರ್ಥ. ‘ಶೇ 99.7 ಜೀವ ಇದೆ’ ಎಂದಲ್ಲ. ಅದೇ ಮಾಹಿತಿಯನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಅಷ್ಟೂ ಬಲ ಕಾಣಲಿಲ್ಲ. ಎರಡನೆಯದು, ಅನಿಲ ಇದ್ದರೂ ಜೀವ ಇರಲೇಬೇಕೇ? 67ಪಿ ಎಂಬ ಧೂಮಕೇತುವಿನಲ್ಲೂ ಡೈಮೀಥೈಲ್ ಸಲ್ಫೈಡ್ ಸಿಕ್ಕಿದೆ. ಅಲ್ಲಿ ಜೀವ ಇಲ್ಲ. ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಬಹುದು: ಮಿಥೇನ್ ಇದೆ, ಸಲ್ಫೈಡ್ ಅನುಮಾನ, ಜೀವ ಸಿಕ್ಕಿಲ್ಲ.

ಕೊನೆಗೆ ನಿಮ್ಮ ಟೆಲಿಸ್ಕೋಪ್. 6 ಇಂಚಿನಲ್ಲಿ ವಾತಾವರಣ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ನಿರಾಸೆ ಬೇಡ. ಆದರೆ ಗ್ರಹದ ಸಂಕ್ರಮಣ ಖಂಡಿತ ಸಿಗುತ್ತದೆ. ಜಗತ್ತಿನಾದ್ಯಂತ ಹವ್ಯಾಸಿಗಳು ಇದನ್ನು ಮಾಡುತ್ತಿದ್ದಾರೆ, ನಾಸಾದ ಎಕ್ಸೋಪ್ಲಾನೆಟ್ ವಾಚ್ ಯೋಜನೆ ಅಂಥವರ ಅಳತೆಗಳನ್ನು ಸ್ವೀಕರಿಸುತ್ತದೆ. ಸಂಕ್ರಮಣದ ಸಮಯ ಕರಾರುವಾಕ್ಕಾಗಿ ಗೊತ್ತಿದ್ದರೆ ದೊಡ್ಡ ಟೆಲಿಸ್ಕೋಪಿನ ಸಮಯ ವ್ಯರ್ಥವಾಗುವುದಿಲ್ಲ, ಹಾಗಾಗಿ ಇದು ಬರೀ ಆಟವಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖ್‌ನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅದರಿಂದ, ಮತ್ತು ತಮಿಳುನಾಡಿನ ಕಾವಲೂರಿನ 1.3 ಮೀಟರಿನಿಂದ, ಅವರೂ ‘ಬಿಸಿ ಗುರು’ಗಳ, ಅಂದರೆ ನಕ್ಷತ್ರಕ್ಕೆ ತೀರಾ ಹತ್ತಿರವಿರುವ ಗುರುವಿನಂಥ ದೊಡ್ಡ ಗ್ರಹಗಳ ಸಂಕ್ರಮಣ ಅಳೆದಿದ್ದಾರೆ.

ಮೊದಲ ಪ್ರಯತ್ನಕ್ಕೆ ಆಂಡ್ರೊಮಿಡಾ ಪುಂಜದ ಎಚ್‌ಎಟಿ-ಪಿ-32ಬಿ ಗ್ರಹ ಒಳ್ಳೆಯದು. ಇಳಿತ ಶೇ 2ಕ್ಕೂ ಹೆಚ್ಚು, ಸುಮಾರು ಮೂರು ಗಂಟೆ ಇರುತ್ತದೆ. ನಕ್ಷತ್ರ ಮಂಕು, ಆದರೆ ಹೋಲಿಸಲು ಅಷ್ಟೇ ಮಂಕಾದ ಬೇರೆ ನಕ್ಷತ್ರಗಳು ಅದೇ ಚೌಕಟ್ಟಿನಲ್ಲಿ ಸಿಗುತ್ತವೆ. ಎಚ್‌ಡಿ 209458 ಹೊಳಪಿನದು, ಹಾಗಾಗಿ ಸುಲಭ ಅನ್ನಿಸುತ್ತದೆ. ಅಲ್ಲಿ ಅಪಾಯ ಎರಡು: ಕ್ಯಾಮೆರಾದ ಸಂವೇದಕ ಬೆಳಕಿನಿಂದ ಬೇಗ ತುಂಬಿಹೋಗುತ್ತದೆ, ಹೋಲಿಸಲು ಅಷ್ಟು ಹೊಳಪಿನ ನಕ್ಷತ್ರ ಪಕ್ಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಫೋಕಸ್ ಸ್ವಲ್ಪ ಕೆಡಿಸಿ ಚುಕ್ಕಿಯನ್ನು ಹರಡಿದರೆ ಮೊದಲನೆಯದು ಸರಿಹೋಗುತ್ತದೆ. ಫೋಟೋಗಳನ್ನು ರಾ ರೂಪದಲ್ಲೇ ಉಳಿಸಿ, ಜೆಪೆಗ್ ಬೇಡ. ಸಂಕ್ರಮಣ ಶುರುವಾಗುವುದಕ್ಕೆ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆಯವರೆಗೂ ತೆಗೆಯಿರಿ. ಮೊದಲು, ಆಮೇಲೆ ಎರಡೂ ಇಲ್ಲದಿದ್ದರೆ ಇಳಿತವನ್ನು ಯಾವುದಕ್ಕೆ ಹೋಲಿಸುವುದು?

ವಾತಾವರಣವೇ ಬೇಕು ಎಂದು ಮಕ್ಕಳು ಹಟ ಹಿಡಿದರೆ ಟೆಲಿಸ್ಕೋಪ್ ಬಿಟ್ಟು ಕಂಪ್ಯೂಟರ್ ಹಿಡಿಯಲಿ. ನಾಸಾದ ಟೆಸ್ ಉಪಗ್ರಹದ ಮಾಹಿತಿ ಎಲ್ಲರಿಗೂ ಉಚಿತ. ವಾಸ್ಪ್-18ಬಿ ತೆಗೆದುಕೊಳ್ಳಿ. ಒಂದು ದಿನಕ್ಕಿಂತ ತುಸು ಕಡಿಮೆಗೆ ಒಂದು ಸುತ್ತು, ತೂಕ ಗುರುವಿನ ಹತ್ತು ಪಟ್ಟು. ಟೆಸ್ ಆಕಾಶದ ಒಂದೊಂದು ಭಾಗವನ್ನು ಸುಮಾರು 27 ದಿನ ನೋಡುತ್ತದೆ. ಅಷ್ಟೂ ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ, ಗ್ರಹ ಹಿಂದೆ ಮರೆಯಾಗುವಾಗಿನ ಶೇ 0.034ರ ಇಳಿತ ಮಕ್ಕಳ ಕಣ್ಣಿಗೇ ಕಾಣುತ್ತದೆ. ನಕ್ಷತ್ರ ಮೊಟ್ಟೆಯಾಕಾರಕ್ಕೆ ಹಿಗ್ಗುವುದರಿಂದ ಬರುತ್ತವೆ ಎಂದೆನಲ್ಲ, ಆ ಎರಡು ಉಬ್ಬುಗಳೂ ಕಾಣುತ್ತವೆ. ಇದಕ್ಕೆ ಬೇಕಾದ ಲೈಟ್‌ಕರ್ವ್ ಎಂಬ ಪೈಥಾನ್ ಸಾಧನವೂ ಉಚಿತ. ಒಂದೇ ಎಚ್ಚರಿಕೆ: ಗ್ರಾಫ್ ನೆಟ್ಟಗೆ ಮಾಡುವ ಆಜ್ಞೆಯನ್ನು ಸುಮ್ನೆ ಓಡಿಸಿದರೆ ನಿಮಗೆ ಬೇಕಾದ ಏರಿಳಿತವೇ ಅಳಿಸಿಹೋಗಬಹುದು.

ಆಕಾಶದ ಕೆಲಸಕ್ಕೆ ಮುಂಗಾರು ಮುಗಿಯುವ ತನಕ ಕಾಯಿರಿ, ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಎಚ್‌ಡಿ 209458ನ್ನೂ ಪ್ರಯತ್ನಿಸುವುದಾದರೆ ನವೆಂಬರ್ ಆರಂಭದಲ್ಲೇ ಮಾಡಿ, ಆಮೇಲೆ ಅದು ರಾತ್ರಿ ಬೇಗ ಮುಳುಗುತ್ತದೆ. ಒಂದು ಅನುಕೂಲ ಇದೆ. ಅದರ ಸುತ್ತು ಸುಮಾರು 3.525 ದಿನ. ಎರಡು ಸುತ್ತಿಗೆ ಒಂದು ವಾರ ದಾಟಿ 1 ಗಂಟೆ 11 ನಿಮಿಷ. ಒಂದು ಶನಿವಾರ ರಾತ್ರಿ ಎಂಟಕ್ಕೆ ಸಂಕ್ರಮಣ ಶುರುವಾಗಿ ಮೋಡ ಮುಚ್ಚಿದರೆ, ಮುಂದಿನ ಶನಿವಾರ ಒಂಬತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಮತ್ತೆ ನೋಡಬಹುದು.